ಚಿಗವ್ವನ ಮುಲಾಕಾತು

ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಹಾಶಯರು ಎರಡು ತಿಂಗಳಿಂದ ಗಂಟುಬಿದ್ದಿದ್ದಾರೆ. ನಾನು ಕಾಮರ್ಸಿನವಳು, ನನಗೆ ಕವಿತೆ ಬರುವುದಿಲ್ಲ, ಕಥೆಯಂತೂ ಇಲ್ಲವೇ ಇಲ್ಲ ಎಂದರೆ ಕೇಳಬೇಕಲ್ಲ! "ಹತ್ತನೇ ಇಯತ್ತೆವರೆಗೆ ಕನ್ನಡ ಮೀಡಿಯಂ ಓದಿದವಳು ಏನೂ ಬರೆಯದೆ ಹೇಗಿರ್ತೀಯ?" ಎನ್ನುತ್ತಾರೆ. ಬರೆಯದೆ ಏನೂ ಇಲ್ಲ ನಾನು. 2025ರ ಗಣಪತಿ ಹಬ್ಬದಿಂದ ಈಚೆಗೆ ಹದಿನೈದು ದಿನಕ್ಕೊಂದರಂತೆ ಬರೆಯುತ್ತಲೇ ಇದ್ದೇನೆ. ಅದನ್ನು ಓದುವವಳು ಒಬ್ಬಳೇ. ಓದುವವಳೂ ಅಲ್ಲ, ಕೇಳುವವಳು. ಅವಳು ನನ್ನ ಚಿಗವ್ವ, ಅಂದರೆ ಅವ್ವನ ತಂಗಿ. ಇರುವುದು ಬೈಕುಲಾ ಜೈಲಿನಲ್ಲಿ.

ಇದನ್ನು ಹೇಳುವುದೋ ಬೇಡವೋ ಎಂದು ಬಹಳ ಯೋಚನೆ ಮಾಡಿದೆ. ಜೈಲು ಎಂಬ ಶಬ್ದ ಮನೆಯಲ್ಲಿ ಒಬ್ಬರಿಗೆ ಅಂಟಿದರೆ ಉಳಿದವರಿಗೂ ಅಂಟುತ್ತದೆ. ಚಾಳಿನಲ್ಲಿ ಯಾರಾದರೂ "ತಂಗಿ ಎಲ್ಲಿ ಕಾಣಸವಲ್ಲಳು?" ಎಂದು ಕೇಳಿದರೆ ಅವ್ವ ಮೊದಮೊದಲು "ಊರಿಗೆ ಹೋಗ್ಯಾಳ" ಎನ್ನುತ್ತಿದ್ದಳು. ಕೇಳುವವರಿಗೂ ಗೊತ್ತು, ಹೇಳುವವಳಿಗೂ ಗೊತ್ತು. ಈಗ ಯಾರೂ ಕೇಳುವುದಿಲ್ಲ. ಇರಲಿ. ಹೆಸರುಗಳನ್ನು ಮಾತ್ರ ಹಾಕಿಲ್ಲ. ಕೇಸು ನಡೆದಿದೆ, ಅವಳಿನ್ನೂ ಒಳಗಿದ್ದಾಳೆ.

ಪರೇಲಿನಿಂದ ಬೈಕುಲಾ ಮೂರನೆಯ ಸ್ಟೇಶನ್ನು. ಕರಿ ರೋಡ್, ಚಿಂಚ್‌ಪೋಕ್ಳಿ, ಬೈಕುಲಾ. ಸ್ಲೋ ಲೋಕಲ್ಲಿಗೆ ಹತ್ತು ನಿಮಿಷವೂ ಹಿಡಿಯುವುದಿಲ್ಲ. ಸಣ್ಣವರಿದ್ದಾಗ ಶಾಲೆಯಿಂದ ಸಾಲುಗಟ್ಟಿಕೊಂಡು ಆ ಸ್ಟೇಶನ್ನಿನ ಪೂರ್ವಕ್ಕೆ ಇಳಿದು ರಾಣಿಬಾಗಿಗೆ ಹೋಗಿದ್ದೆವು, ಆನೆ ನೋಡಲು. ಪಶ್ಚಿಮಕ್ಕೆ ಇಳಿದರೆ ಜೈಲು ಇದೆ ಎಂದು ಆಗ ಯಾರೂ ಹೇಳಿರಲಿಲ್ಲ, ಹೇಳುವುದಾದರೂ ಯಾಕೆ. ನಡುವೆ ಚಿಂಚ್‌ಪೋಕ್ಳಿಯಲ್ಲಿ ಇಳಿದು ಸಾತ್ ರಸ್ತಾದ ಕಡೆ ನಡೆದರೆ ಆರ್ಥರ್ ರೋಡ್ ಜೈಲು, ಅದು ಗಂಡಸರದು. ಎರಡರ ಹೊರಗೂ ನಾನು ನಿಂತು ನೋಡಿದ್ದೇನೆ (ಒಂದರ ಹೊರಗೆ ಕೆಲಸದಿಂದ, ಇನ್ನೊಂದರ ಹೊರಗೆ ಬರೀ ಕುತೂಹಲದಿಂದ). ಗಂಡಸರ ಜೈಲಿನ ಹೊರಗೆ ಹೆಂಗಸರ ಸಾಲು: ಹೆಂಡತಿ, ತಾಯಿ, ಅಕ್ಕ, ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು. ಹೆಂಗಸರ ಜೈಲಿನ ಹೊರಗೆ ಗಂಡಸರ ಸಾಲು ಇರಬೇಕಲ್ಲವೇ? ಅಲ್ಲಿಯೂ ಹೆಂಗಸರೇ. ಅದೂ ಅರ್ಧ ಉದ್ದದ ಸಾಲು. ತನ್ನ ಬರಾಕಿನಲ್ಲಿ ವರ್ಷಗಟ್ಟಲೆ ಒಂದೂ ಮುಲಾಕಾತು ಬರದವರಿದ್ದಾರೆಂದು ಚಿಗವ್ವ ಹೇಳುತ್ತಾಳೆ. ಗಂಡ ಒಳಗೆ ಹೋದರೆ ಹೆಂಡತಿ ಕಿವಿಯೋಲೆ ಮಾರಿ ವಕೀಲನನ್ನು ಹಿಡಿಯುತ್ತಾಳೆ. ಹೆಂಡತಿ ಒಳಗೆ ಹೋದರೆ ಗಂಡ ಹೊಸ ಖೋಲಿ ಹುಡುಕುತ್ತಾನೆ. ಎಲ್ಲರೂ ಹಾಗಲ್ಲ, ಒಪ್ಪಿದೆ. ನಮ್ಮ ಕಾಕಾನಂತೂ ಅವಳು ಒಳಗೆ ಹೋಗುವ ಮೂರು ವರ್ಷ ಮೊದಲೇ ನಾಪತ್ತೆ. ಕಾಲಕ್ಕಿಂತ ಮುಂದಿದ್ದ ಮನುಷ್ಯ!

ಸಂಗತಿ ಇಷ್ಟೇ. ನಮ್ಮ ಮುತ್ತಜ್ಜ ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನಿಂದ ಬಂದು ಇಲ್ಲಿ ಗಿರಣಿ ಸೇರಿದವನು. ಅವನ ಜಾಗಕ್ಕೆ ಅಜ್ಜ ಬಂದ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಷ್ಕರ ಶುರುವಾಯಿತಲ್ಲ, ಅದಾದ ಮೇಲೆ ಅಜ್ಜನ ಗಿರಣಿ ಮತ್ತೆ ಸರಿಯಾಗಿ ನಡೆಯಲೇ ಇಲ್ಲ. ಅವನು ಊರಿಗೆ ಹೋದ. ಮಕ್ಕಳು ದೊಡ್ಡವರಾಗಿ ಪುನಃ ಇಲ್ಲಿಗೇ ಬಂದರು. ಹಳಿ ದಾಟಿ ಆಚೆ ಗಿರಣಿ ಇದ್ದ ಜಾಗಗಳಲ್ಲಿ ಎದ್ದ ಟವರುಗಳಲ್ಲಿ ಒಂದರಲ್ಲಿ ಚಿಗವ್ವನಿಗೆ ಭಾಂಡೆ-ಕಸದ ಕೆಲಸ. ಗಣಪತಿ ಹಬ್ಬದ ವಾರ ಆ ಮನೆಯಲ್ಲಿ ಎರಡು ಬಂಗಾರದ ಬಳೆ ಕಾಣೆಯಾದವು. ಮುಂದಿನದು ನೀವೇ ಊಹಿಸಿಕೊಳ್ಳಿ.

"ಖರೇ ಹೇಳು, ತಗೊಂಡಾಳೇನು?" ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಕಾಲೇಜಿನಲ್ಲಿ ಗೊತ್ತಿರುವ ಇಬ್ಬರೂ ಕೇಳಿದರು. ನಾನು ಅವಳನ್ನು ಈವರೆಗೆ ಒಂದು ಸಲವೂ ಕೇಳಿಲ್ಲ. ಅದು ಕೋರ್ಟಿನ ಕೆಲಸ. ಅವಳು ತೆಗೆದಿದ್ದರೆ ನಾನು ನೋಡಲು ಹೋಗಬಾರದೇನು? ಬೈಕುಲಾದ ಟಿಕೀಟು ಆಗ ಬೇರೆ ಆಗುತ್ತದೆಯೇ? ಇನ್ನೊಂದು ಮಾತು ಕೇಳಿ. ಕಾನೂನಿನಲ್ಲಿ ಸಾದಾ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ. ಅದೇ ಕಳವನ್ನು ಧಣಿಯ ವಸ್ತುವಿನ ಮೇಲೆ ಕೆಲಸದಾಳು ಮಾಡಿದರೆ ಏಳು ವರ್ಷದವರೆಗೆ. ಹಳೆಯ ದಂಡಸಂಹಿತೆಯಲ್ಲಿ ಅದು 381ನೇ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 306. ನಂಬರು ಬದಲಾಯಿತು, ವರ್ಷ ಬದಲಾಗಲಿಲ್ಲ.

ಮೊದಲ ಮುಲಾಕಾತಿಗೆ ಅವ್ವ ಮತ್ತು ನಾನು ಹೋದೆವು. ಅವ್ವನಿಗೆ ಹಿಂದಿನ ರಾತ್ರಿ ನಿದ್ದೆ ಇಲ್ಲ. 2017ರ ಜೂನ್ ತಿಂಗಳಲ್ಲಿ ಇದೇ ಜೈಲಿನಲ್ಲಿ ಮಂಜುಳಾ ಶೆಟ್ಯೆ ಎಂಬ ಕೈದಿ ಹೊಡೆತಕ್ಕೆ ಸಿಕ್ಕು ಸತ್ತದ್ದು, ಮರುದಿನ ಒಳಗಿನ ಹೆಂಗಸರೆಲ್ಲ ರೊಚ್ಚಿಗೆದ್ದದ್ದು, ಆರು ಮಂದಿ ಸಿಬ್ಬಂದಿಯ ಬಂಧನವಾದದ್ದು ಎಲ್ಲ ಟೀವಿಯಲ್ಲಿ ಬಂದಿತ್ತು. ನಾನಾಗ ಸಣ್ಣವಳು. ಅವ್ವ ಮರೆತಿರಲಿಲ್ಲ. ಒಳಗೆ ಹೋದೆವು. ಆಧಾರ್ ತೋರಿಸುವುದು, ಹೆಸರು ಬರೆಸುವುದು, ಕಾಯುವುದು. ನಡುವೆ ಗಾಜು, ಈ ಕಡೆ ಒಂದು ರಿಸೀವರು, ಆ ಕಡೆ ಒಂದು ರಿಸೀವರು. ಚಿಗವ್ವ ಬಂದು ಕೂತಳು. ಹಸಿರು ಸೀರೆ ಉಟ್ಟಿರುತ್ತಾಳೆ ಎಂದುಕೊಂಡಿದ್ದೆ. ಅದು ಶಿಕ್ಷೆಯಾದವರಿಗೆ. ವಿಚಾರಣೆ ನಡೆಯುತ್ತಿರುವವರು ತಮ್ಮ ಬಟ್ಟೆಯನ್ನೇ ಉಡಬಹುದು. ನಮ್ಮ ಮನೆಯ ನೀಲಿ ಸೀರೆಯಲ್ಲೇ ಇದ್ದಳು. ಅವ್ವ ರಿಸೀವರು ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಚಿಗವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಾಜಿನ ಆಚೆಯಿಂದ ರೇಗಿದಳು:

"ಅಳೂದಿದ್ರ ಮನ್ಯಾಗ ಅತ್ತು ಬಾ. ಇಲ್ಲೆ ಟೈಮಿಲ್ಲ. ನಳದಾಗ ನೀರು ಎಷ್ಟು ಗಂಟೆಗೆ ಬರತಾವ ಈಗ, ಅದನ್ನ ಹೇಳು."

ಅವತ್ತು ನನಗೆ ಒಂದು ತಿಳಿಯಿತು. ನಾವು ಸಮಾಧಾನದ ಮಾತುಗಳನ್ನು ಮೂಟೆ ಕಟ್ಟಿಕೊಂಡು ಹೋಗಿದ್ದೆವು: ದೇವರಿದ್ದಾನೆ, ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರು. ಅವಳಿಗೆ ಅದು ಬೇಕಿರಲಿಲ್ಲ. ಧೈರ್ಯದ ವಿಷಯದಲ್ಲಿ ಅವಳು ನಮಗಿಂತ ಮುಂದಿದ್ದಳು. ಅವಳಿಗೆ ಬೇಕಾದದ್ದು ಸುದ್ದಿ. ನಾಲ್ಕನೇ ಖೋಲಿಯ ಮುದುಕಿ ಆಸ್ಪತ್ರೆಯಿಂದ ಬಂದಳೇ? ಸಂಡಾಸದ ಕಡಿ ರಿಪೇರಿ ಮಾಡಿಸಿದರೇ? ತನ್ನ ಭಿಶಿ ಪಾಳಿ ಯಾರು ಎತ್ತಿಕೊಂಡರು? ಸಿಕ್ಕುವುದು ಹದಿನೈದು ಇಪ್ಪತ್ತು ನಿಮಿಷ. ಅದರಲ್ಲಿ ಐದು ನಿಮಿಷ ಸಾಮಾನಿನ ಲೆಕ್ಕಕ್ಕೆ ಹೋಗುತ್ತದೆ: ಒಳಉಡುಪು, ಸಾಬೂನು, ಕ್ಯಾಂಟೀನಿಗೆ ದುಡ್ಡು. ಐದು ನಿಮಿಷ ವಕೀಲರಿಗೆ. ಉಳಿದದ್ದರಲ್ಲಿ ಪರೇಲನ್ನೇ ಹೊತ್ತುಕೊಂಡು ಹೋಗಿ ಗಾಜಿನ ಮುಂದೆ ಇಡಬೇಕು. ಆಮೇಲಾಮೇಲೆ ನಾನು ಟಿಕೀಟಿನ ಹಿಂದೆ ಸುದ್ದಿಗಳನ್ನು ಬರೆದುಕೊಂಡು ಹೋಗತೊಡಗಿದೆ. 2025ರ ಸೆಪ್ಟೆಂಬರ್ 12ರ ರಾತ್ರಿ ಎಲ್ಫಿನ್‌ಸ್ಟನ್ ಸೇತುವೆಯನ್ನು ಕೆಡವುವುದಕ್ಕಾಗಿ ಮುಚ್ಚಿದರು. ಚಿಗವ್ವ ದಿನಾ ಎರಡು ಸಲ ನಡೆದು ದಾಟುತ್ತಿದ್ದ ಸೇತುವೆ ಅದು. ಹೇಳಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆ ಮನಿ ಕೆಲಸಕ್ಕ ಈಗ ಬರಾಕಿ ಯಾ ಕಡಿಂದ ಬರತಾಳ?" ಎಂದಳು. ತನ್ನ ಜಾಗಕ್ಕೆ ಬಂದಿರಬಹುದಾದ ಹೆಂಗಸಿನ ಬಗ್ಗೆ! ಗೊತ್ತಿಲ್ಲ ಎಂದೆ. ರೈಲ್ವೆಯ ಪಾದಚಾರಿ ಸೇತುವೆ ಇದೆಯಲ್ಲ ಎಂದು ಆಮೇಲೆ ಅವಳೇ ಹೇಳಿಕೊಂಡಳು.

ಈ ಮುಲಾಕಾತು ಎಂಬುದು ಜೈಲಿನವರು ಕೊಡುವ ಬಕ್ಷೀಸು ಎಂದು ನಾವು ತಿಳಿದಿದ್ದೆವು. ಹಾಗಲ್ಲವಂತೆ. 1981ರ ಜನವರಿ 13ರಂದು ಸುಪ್ರೀಮ್ ಕೋರ್ಟು ಫ್ರಾನ್ಸಿಸ್ ಕೊರಾಲಿ ಮುಲಿನ್ ಎಂಬ ಬ್ರಿಟಿಷ್ ಹೆಂಗಸಿನ ಕೇಸಿನಲ್ಲಿ ತೀರ್ಪು ಕೊಟ್ಟಿದೆ. ಆಕೆಯನ್ನು ತಿಹಾರಿನಲ್ಲಿ ಇಟ್ಟಿದ್ದರು. ಐದು ವರ್ಷದ ಮಗಳು ಹೊರಗೆ, ಆಕೆಯ ತಂಗಿಯ ಬಳಿ. ತಿಂಗಳಿಗೊಂದೇ ಭೇಟಿ ಎಂಬ ನಿಯಮ ಇತ್ತು. ಬದುಕುವ ಹಕ್ಕು ಅಂದರೆ ಬರೀ ಪ್ರಾಣಿಯ ಹಾಗೆ ಉಸಿರಾಡುವುದಲ್ಲ, ತನ್ನವರನ್ನು ಕಾಣುವುದೂ ಅದರೊಳಗೇ ಬರುತ್ತದೆ ಎಂದು ಕೋರ್ಟು ಆ ನಿಯಮವನ್ನು ಹೊಡೆದುಹಾಕಿತು. ನ್ಯಾಯಮೂರ್ತಿ ಭಗವತಿ ಬರೆದ ತೀರ್ಪು. ನಾನು ಇದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವನಿಗೆ ಅರ್ಥವಾದದ್ದು ಐದು ವರ್ಷದ ಮಗಳು ಎಂಬುದೊಂದೇ. ಯಾಕೆಂದರೆ ಚಿಗವ್ವನಿಗೂ ಐದು ವರ್ಷದ ಕೂಸು ಇದೆ, ಮತ್ತು ಅದು ಹೊರಗಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಪತ್ರದ ಸಂಗತಿ ಹೇಳುತ್ತೇನೆ, ಇದು ನಮ್ಮ ಸಂಘದವರು ಕೇಳಬೇಕಾದ್ದು.

ಊರಲ್ಲಿ ಆಯಿ ಇದ್ದಾಳೆ, ಚಿಗವ್ವನ ತಾಯಿ. ಅವಳಿಗೆ ಮುಂಬಯಿಗೆ ಬರಲಾಗುವುದಿಲ್ಲ, ಮೊಣಕಾಲು. ಫೋನಿನಲ್ಲಿ ಅವಳು ಹೇಳುತ್ತಾಳೆ, ನಾನು ಬರೆದು ಪೋಸ್ಟಿಗೆ ಹಾಕುತ್ತೇನೆ. ಮೊದಲ ಪತ್ರ ಕನ್ನಡದಲ್ಲಿ ನಾಲ್ಕು ಪುಟ ಬರೆದೆ. ಅದು ಚಿಗವ್ವನ ಕೈ ಸೇರಿದ್ದು ಹದಿನೇಳು ದಿನಕ್ಕೆ. ಜೈಲಿಗೆ ಬಂದ ಪತ್ರವನ್ನು ಅಲ್ಲಿಯವರು ಓದಿ ನೋಡಿಯೇ ಕೊಡುವುದು, ಅದು ನಿಯಮ. ಕನ್ನಡ ಓದಬಲ್ಲವರು ಬೇಕಲ್ಲ? ಅಕ್ಕಲಕೋಟೆ ಕಡೆಯ ಒಬ್ಬ ಸಿಪಾಯಿ ಬಾಯಿ ಇದ್ದಾರಂತೆ, ನಾಲ್ಕನೇ ಇಯತ್ತೆವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ಅವರ ರಜೆ ಮುಗಿದು ಡ್ಯೂಟಿಗೆ ಬಂದ ಮೇಲೆ ಪತ್ರ ಒಳಗೆ ಹೋಯಿತು. ಹೋಗಿಯೂ ಏನು ಪ್ರಯೋಜನ? ಚಿಗವ್ವನಿಗೆ ಅಕ್ಷರ ಬಾರದು. ಬರಾಕಿನಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲ. ನಾಲ್ಕು ಪುಟವನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಳು.

ಉಪಾಯ ಹೇಳಿದ್ದು ಅವಳೇ. ಬರಾಕಿನಲ್ಲಿ ರತ್ನಾಗಿರಿ ಕಡೆಯ ವಯಸ್ಸಾದ ಹೆಂಗಸು ಒಬ್ಬರಿದ್ದಾರೆ, ಎಲ್ಲರೂ ಕಾಕೂ ಎನ್ನುತ್ತಾರೆ. ಮರಾಠಿ ಚೆನ್ನಾಗಿ ಓದುತ್ತಾರೆ, ಎಲ್ಲರ ಅರ್ಜಿಗಳನ್ನೂ ಅವರೇ ಬರೆಯುವುದು. "ನೀ ಮರಾಠಿ ಅಕ್ಷರದಾಗ ನಮ್ಮ ಮಾತು ಬರಿ. ಆಕಿ ಓದ್ತಾಳ, ನಾ ಕೇಳತೀನಿ" ಎಂದಳು ಚಿಗವ್ವ. ನೋಡಿ, ಅಕ್ಷರ ಬಾರದವಳ ತಲೆ! ಓದುವವಳಿಗೆ ಅರ್ಥವಾಗುವುದಿಲ್ಲ, ಅರ್ಥವಾಗುವವಳಿಗೆ ಓದಲು ಬರುವುದಿಲ್ಲ. ಇಬ್ಬರೂ ಸೇರಿದರೆ ಒಬ್ಬ ಓದುಗಳು.

ಹಾಗೆಯೇ ಬರೆದೆ. ಆಯಿ ಹೇಳಿದ್ದನ್ನು ಹೇಳಿದ ಹಾಗೆಯೇ, ದೇವನಾಗರಿಯಲ್ಲಿ. ಮಳಿ ಚಲೋ ಆಗೇದ, ತೊಗರಿ ನಿಂತದ, ಊರ ಕೆರಿ ತುಂಬೇದ, ನಾ ಆರಾಮ ಅದೀನಿ. ಇದರಲ್ಲಿ ಏನು ಗಂಡಾಂತರ ಇದೆ ಹೇಳಿ? ಇದೆ. ನಮ್ಮ ವ್ಯಾಕರಣದ ಮಾಸ್ತರು ಎಂಟನೇ ಇಯತ್ತೆಯಲ್ಲಿ ಹ್ರಸ್ವ ದೀರ್ಘ ಎಂದು ಬಡಿದುಕೊಳ್ಳುತ್ತಿದ್ದರು. ಕನ್ನಡಕ್ಕೆ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಮರಾಠಿ ಬರವಣಿಗೆಯಲ್ಲಿ ಎರಡಕ್ಕೂ ಒಂದೇ ಗುರುತು, ಅವರು ಅದನ್ನು ಎಳೆದೇ ಓದುತ್ತಾರೆ. ಕಾಕೂ ಎಳೆದು ಓದಿದರು. ಊರ ಕೇರಿ ತುಂಬೇದ! 2025ರ ಸೆಪ್ಟೆಂಬರ್ ಕೊನೆಗೆ ಭೀಮಾ ನದಿಗೆ ಮಹಾಪೂರ ಬಂದಿತ್ತು. ಸೊಲ್ಲಾಪುರ, ವಿಜಾಪುರ, ಕಲಬುರ್ಗಿ ಎಲ್ಲ ಕಡೆ ನೀರೇ ನೀರು. ಬರಾಕಿನ ಟೀವಿಯಲ್ಲಿ ಅದನ್ನೆಲ್ಲ ತೋರಿಸಿದ್ದರು. ನಮ್ಮೂರು ಎತ್ತರದಲ್ಲಿದೆ, ಕೆರೆ ತುಂಬಿದ್ದು ಸಂತೋಷದ ಸುದ್ದಿ. ಚಿಗವ್ವ ಕೇಳಿದ್ದು ಕೇರಿಗೆ ನೀರು ನುಗ್ಗಿದೆ ಎಂದು. ಮುಂದಿನ ಮುಲಾಕಾತಿನವರೆಗೆ ಎಂಟು ದಿನ ಆಯಿ ಮುಳುಗಿಹೋದಳೆಂದೇ ತಿಳಿದು ಕೂತಿದ್ದಳು. "ನಾ ಆರಾಮ ಅದೀನಿ ಅಂತ ಬರಿಸಿದ್ದಳಲ್ಲ ಆಯಿ?" ಎಂದರೆ, "ಮುಳುಗುವಾಕಿ ಮತ್ತೇನಂತ ಬರಸ್ತಾಳ?" ಎಂದಳು.

ಅಂದಿನಿಂದ ಹ್ರಸ್ವ ಬಂದಲ್ಲೆಲ್ಲ ಅಕ್ಷರದ ಕೆಳಗೆ ಒಂದು ಚುಕ್ಕೆ ಇಡುತ್ತೇನೆ. ಚುಕ್ಕೆ ಇದ್ದರೆ ಗಿಡ್ಡ, ಇಲ್ಲದಿದ್ದರೆ ಉದ್ದ ಎಂದು ಚಿಗವ್ವನಿಗೆ ಗಾಜಿನ ಈಚೆಯಿಂದ ಪಾಠ ಮಾಡಿದೆ, ಅವಳು ಕಾಕೂಗೆ ಮಾಡಿದಳು. ಮೂರನೆಯ ಪತ್ರದಲ್ಲಿ ನೂರಾರು ಚುಕ್ಕೆಗಳು. ಮುಂದಿನ ಸಲ ಗೇಟಿನಲ್ಲಿ ಕರೆದು ಕೇಳಿದರು, ಇದೇನು ಗುಪ್ತ ಸಂಕೇತ? ಕೇಳುವುದು ಅವರ ಕೆಲಸ, ತಪ್ಪೇನಿಲ್ಲ. ನಾನು ಮರಾಠಿಯಲ್ಲಿ ಕೆರಿ-ಕೇರಿ, ಕೊಡ-ಕೋಡ ಎಂದು ವಿವರಿಸಿದೆ. ಒಂದರಲ್ಲಿ ನೀರು ತುಂಬುತ್ತಾರೆ, ಇನ್ನೊಂದು ಎಮ್ಮೆಯ ತಲೆಯ ಮೇಲಿರುತ್ತದೆ. ಅಕ್ಕಲಕೋಟೆಯ ಬಾಯಿಯನ್ನು ಕರೆಸಿದರು. ಅವರು ಪತ್ರವನ್ನು ನೋಡಿ, ನನ್ನನ್ನು ನೋಡಿ, "ಹ್ರಸ್ವ ರೀ, ಹ್ರಸ್ವ!" ಎಂದು ನಕ್ಕರು. ಎಷ್ಟು ವರ್ಷದ ಮೇಲೆ ಅವರು ಆ ಶಬ್ದವನ್ನು ಆಡಿದರೋ. ಅಂದಿನಿಂದ ಪತ್ರ ನಾಲ್ಕೈದು ದಿನಕ್ಕೆ ತಲುಪುತ್ತದೆ.

ಕಾಕೂ ಓದುವಾಗ ಬರಾಕಿನ ಇತರರೂ ಬಂದು ಕೂರುತ್ತಾರಂತೆ. ಅವರಿಗೆ ಒಂದಕ್ಷರ ತಿಳಿಯುವುದಿಲ್ಲ. ತಮಗೆ ಪತ್ರ ಬರದವರು, ಯಾರದೋ ಪತ್ರದ ಸಪ್ಪಳವನ್ನಾದರೂ ಕೇಳೋಣ ಎಂದು ಇರಬೇಕು. ಚಿಗವ್ವ ನಕ್ಕಲ್ಲಿ ಅವರೂ ನಗುತ್ತಾರಂತೆ. ನಮ್ಮ ಸಂಘದ ಕವಿಗೋಷ್ಠಿಗಳಲ್ಲಿ ಇದಕ್ಕಿಂತ ಶ್ರದ್ಧೆಯ ಶ್ರೋತೃಗಳನ್ನು ನಾನು ಕಂಡಿಲ್ಲ, ಕವಿ ಮಿತ್ರರು ಸಿಟ್ಟಾಗಬಾರದು.

ಜೈಲಿಗೂ ಪತ್ರಕ್ಕೂ ನಮ್ಮ ಎರಡು ರಾಜ್ಯಗಳ ನಡುವೆ ಹಳೆಯ ನಂಟಿದೆ ಎಂದು ಈಚೆಗೆ ಓದಿದೆ. ತುರ್ತು ಪರಿಸ್ಥಿತಿಯಲ್ಲಿ ಮಧು ದಂಡವತೆಯವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟಿದ್ದರು. ನಮ್ಮ ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ಮೇಷ್ಟ್ರು ಅವರು, 1977ರಲ್ಲಿ ರೈಲ್ವೆ ಮಂತ್ರಿಯಾದ ಮೇಲೆ ಎರಡನೇ ದರ್ಜೆಯ ಹಲಗೆಗೆ ಮೆತ್ತೆ ಹಾಕಿಸಿದವರು. ಅವರ ಹೆಂಡತಿ ಪ್ರಮೀಳಾ ಅದೇ ಹೊತ್ತಿಗೆ ಪುಣೆಯ ಯರವಡಾ ಜೈಲಿನ ಹೆಂಗಸರ ವಿಭಾಗದಲ್ಲಿ. ಗಂಡ ಹೆಂಡತಿ ಇಬ್ಬರೂ ಕೈದಿಗಳು, ಮುಲಾಕಾತು ಎಲ್ಲಿಂದ ಬರಬೇಕು? ಸುಮಾರು 18 ತಿಂಗಳಲ್ಲಿ ಒಬ್ಬರಿಗೊಬ್ಬರು 200ರ ಹತ್ತಿರ ಪತ್ರ ಬರೆದರಂತೆ. ಎರಡೂ ಕಡೆ ಜೈಲಿನವರು ಓದುತ್ತಾರೆ ಎಂದು ಗೊತ್ತಿದ್ದೂ ಬರೆಯಬೇಕಲ್ಲ. ಅದು ಎಂಥ ಬರವಣಿಗೆ ಎಂದು ನನಗೀಗ ಸ್ವಲ್ಪ ಗೊತ್ತು. ಅದೇ ಬೆಂಗಳೂರು ಜೈಲಿನಲ್ಲಿ 1976ರಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. ‘ಸಂಸ್ಕಾರ’ ಸಿನಿಮಾದ ಚಂದ್ರಿ ಎಂದರೆ ನಿಮಗೆಲ್ಲ ಗೊತ್ತಾಗುತ್ತದೆ. ಆಸ್ತಮಾ ಇದ್ದ ಹೆಂಗಸು. ರಾತ್ರಿ ಅವರ ಚೀರಾಟ ತಮ್ಮ ಕೋಣೆಗೆ ಕೇಳುತ್ತಿತ್ತೆಂದು ದಂಡವತೆ ಮುಂದೆ ಬರೆದರು. 1977ರ ಜನವರಿ 15ರಂದು ಬಿಟ್ಟರು, 20ರಂದು ತೀರಿಕೊಂಡರು. ಜೈಲಿನಲ್ಲಿ ಬರೆದ ದಿನಚರಿ ಉಳಿಯಿತು. ಅವರೆಲ್ಲ ಓದಿದವರು, ಹೋರಾಡಿ ಒಳಗೆ ಹೋದವರು. ಚಿಗವ್ವ ಯಾವ ಹೋರಾಟವನ್ನೂ ಮಾಡಿದವಳಲ್ಲ. ಆದರೆ ಗಾಜು ಒಂದೇ ತರಹದ್ದು.

ಈಗ ಜಾಮೀನಿನ ಕಥೆ. ದೀಪಾವಳಿ ಮುಗಿದ ಮೇಲೆ ಕೋರ್ಟು ಜಾಮೀನು ಕೊಟ್ಟಿತು. ಅವ್ವ ಪೇಡೆ ಹಂಚಿದಳು. ಆದರೆ ಜಾಮೀನು ಸಿಕ್ಕುವುದು ಬೇರೆ, ಬಿಡುಗಡೆ ಬೇರೆ. 25,000 ರೂಪಾಯಿಗೆ ಒಬ್ಬ ಜಾಮೀನುದಾರ ಬೇಕು. ಮುಂಬಯಿಯ ವಿಳಾಸ, ರೇಶನ್ ಕಾರ್ಡು, ಪಗಾರದ ಚೀಟಿ ಎಲ್ಲ ಇರುವವನು. ಅಪ್ಪ ಟೆಂಪೋ ಓಡಿಸುತ್ತಾನೆ, ಪಗಾರ ಕೈಗೆ ಬರುತ್ತದೆ, ಚೀಟಿ ಇಲ್ಲ. ಖೋಲಿ ಬಾಡಿಗೆಯದು. ರೇಶನ್ ಕಾರ್ಡು ಇಂಡಿ ತಾಲೂಕಿನದು. ನಲವತ್ತು ವರ್ಷ ಮೂರು ತಲೆಮಾರು ಪರೇಲಿನಲ್ಲಿ ದುಡಿದರೂ ಕಾಗದದ ಮೇಲೆ ನಾವು ಇನ್ನೂ ಊರಿನಿಂದ ಬರುತ್ತಲೇ ಇದ್ದೇವೆ. ಅದೇ ವಾರ ಕಾಲೇಜಿನಲ್ಲಿ ಬಿಸಿನೆಸ್ ಲಾ ತರಗತಿ: 1872ರ ಕರಾರು ಕಾಯ್ದೆ, 126ನೇ ಕಲಮು, ಶೂರಿಟಿ ಎಂದರೆ ಯಾರು? ಸರ್ ನನ್ನನ್ನೇ ಎಬ್ಬಿಸಿ ಕೇಳಿದರು. ಬೇರೊಬ್ಬನು ತಪ್ಪಿದರೆ ತಾನು ಹೊಣೆ ಎಂದು ಒಪ್ಪಿಕೊಳ್ಳುವವನು ಎಂದೆ. ಉದಾಹರಣೆ ಕೊಡು ಎಂದರು. ಕೂತುಕೊಂಡೆ.

ಬಡ ಕೈದಿಗಳಿಗೆಂದು ಕೇಂದ್ರ ಸರಕಾರದ ಯೋಜನೆ ಇದೆ, 2023ರದು, ಶುರುವಾದಾಗ ಜಾಮೀನಿಗೆ 40,000 ರೂಪಾಯಿಯವರೆಗೆ ಸಹಾಯ ಎಂದಿತ್ತು. ಒಳ್ಳೆಯದು. ಆದರೆ ಮೊದಲು ಬೇಕಾದದ್ದು ದುಡ್ಡಲ್ಲ, ಸಹಿ ಹಾಕುವ ಮನುಷ್ಯ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಕೆಳಗಿನ ಕೋರ್ಟು ಷರತ್ತನ್ನು ಸಡಿಲಿಸುವ ವಿಚಾರ ಮಾಡಬಹುದೆಂದು ಸುಪ್ರೀಮ್ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ. ಜೈಲಿಗೆ ಬರುವ ಒಬ್ಬ ಸಮಾಜಸೇವಕಿ ಅದನ್ನು ತೋರಿಸಿ, ಜಾಮೀನುದಾರನ ಬದಲು ನಗದು ಕಟ್ಟಲು ಬಿಡಿ ಎಂದು ಅರ್ಜಿ ಹಾಕಿಸಿದ್ದಾರೆ. ತಾರೀಖು ಬೀಳುತ್ತದೆ, ತಾರೀಖು ಮುಂದೆ ಹೋಗುತ್ತದೆ. ಹೊಸ ಕಾನೂನಿನ 479ನೇ ಕಲಮಿನ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡಬೇಕಂತೆ. ಲೆಕ್ಕ ಹಾಕಿದೆ, ಕಾಮರ್ಸಿನವಳಲ್ಲವೇ: 84 ತಿಂಗಳಿಗೆ 28 ತಿಂಗಳು. ಅಷ್ಟು ಪುರಸೊತ್ತು ಕೂಸಿಗೆ ಇಲ್ಲ.

ಕೂಸು ಅಂದೆನಲ್ಲ. ಹೆಣ್ಣು ಕೂಸು. ಚಿಗವ್ವನನ್ನು ಒಯ್ದಾಗ ಅದಕ್ಕೆ ಐದು ವರ್ಷ ನಾಲ್ಕು ತಿಂಗಳು. ಬಿಟ್ಟು ಇರದು, ಜೊತೆಗೇ ಹೋಯಿತು. 2006ರಲ್ಲಿ ಸುಪ್ರೀಮ್ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ ಮಗು ಆರು ವರ್ಷದವರೆಗೆ ತಾಯಿಯ ಜೊತೆ ಜೈಲಿನಲ್ಲಿ ಇರಬಹುದು, ಆಮೇಲೆ ಹೊರಗೆ ಕಳಿಸಬೇಕು. ಯುಗಾದಿ ಆದ ಮೇಲಿನ ತಿಂಗಳು ಅದಕ್ಕೆ ಆರು ತುಂಬುತ್ತದೆ. ಜೈಲು ಮಕ್ಕಳಿಗಲ್ಲ, ಆ ನಿಯಮ ಸರಿಯಾದದ್ದೇ. ಆದರೆ ತಾಯಿ ಇನ್ನೂ ಒಳಗೇ ಇದ್ದಾಳಲ್ಲ?

ಮೊದಲೆಲ್ಲ ಮುಲಾಕಾತಿನಲ್ಲಿ ಕೂಸು ನನ್ನೊಡನೆ ಕನ್ನಡದಲ್ಲಿ ಜಗಳ ಮಾಡುತ್ತಿತ್ತು. ಈಗ ರಿಸೀವರು ಕೊಟ್ಟರೆ ಹಿಂದಿ. ಬಾಲವಾಡಿಯಲ್ಲಿ ಕಲಿತ ಮರಾಠಿ ಹಾಡು ಹೇಳುತ್ತದೆ. ಗಿಣತಿ, ಬರಾಕು, ಬಂದಿ ಎಂಬ ಶಬ್ದಗಳು ಅದಕ್ಕೆ ನಮ್ಮ ಶಾಲೆ, ಅಂಗಡಿ ಇದ್ದ ಹಾಗೆ. ಅಲ್ಲಿನ ಮಕ್ಕಳೆಲ್ಲ ಸೇರಿ ಗಿಣತಿ ಆಟ ಆಡುತ್ತಾರಂತೆ. ಒಬ್ಬರು ಎಣಿಸುವುದು, ಉಳಿದವರು ಸಾಲಾಗಿ ಕೂರುವುದು. ಎಣಿಸುವ ಪಾಳಿ ಸಿಗಬೇಕೆಂದು ನಮ್ಮದು ಅಳುತ್ತದೆ ಎಂದು ಚಿಗವ್ವ ಹೇಳಿ ನಕ್ಕಳು, ನಾನೂ ನಕ್ಕೆ. ಹೊರಗೆ ಬಂದ ಮೇಲೆ ಅವ್ವ, "ಅದರಾಗ ನಗೂದೇನೈತಿ?" ಎಂದಳು.

ಮನೆಯಲ್ಲಿ ಒಂದು ತಿಂಗಳು ಇದೇ ಮಾತು. ಊರಿಗೆ ಆಯಿಯ ಹತ್ತಿರ ಕಳಿಸುವುದೆಂದರೆ ಆಯಿಗೇ ಯಾರಾದರೂ ನೀರು ತಂದುಕೊಡಬೇಕು. ಸರಕಾರಿ ಬಾಲಗೃಹ ಇದೆ ಎಂದು ಒಬ್ಬರು ಹೇಳಿದರು. ಅವ್ವ ಅವರಿಗೆ ಚಹಾ ಕೊಡಲಿಲ್ಲ. ನಮ್ಮ ಖೋಲಿ ಹತ್ತಕ್ಕೆ ಹನ್ನೆರಡು, ಈಗಾಗಲೇ ಐದು ಜನ. ಅಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಊಟಕ್ಕೆ ಕೂತಾಗ, "ಮಾಳಿಗಿ ಮ್ಯಾಲಿನ ಟ್ರಂಕು ಇಳಿಸಿ ಮಾರಿದ್ರ ಜಾಗ ಆಗತದ" ಎಂದ. ಅಷ್ಟೇ. ಕೂಸು ನನ್ನ ಜೊತೆ ಮಾಳಿಗೆಯ ಮೇಲೆ ಮಲಗುವುದೆಂದು ತೀರ್ಮಾನವಾಯಿತು. ನನಗೆ ಪರೀಕ್ಷೆ ಇದೆ. ರಾತ್ರಿ ಓದುವ ಜಾಗ ಅದೊಂದೇ. ಹೇಗೋ ಆಗುತ್ತದೆ. ಶಾಲೆ ಯಾವುದು ಎಂಬುದು ಇನ್ನೂ ಗೊತ್ತಿಲ್ಲ. ನಾನು ಓದಿದ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ಈಗ ಕನ್ನಡ ತರಗತಿಗಳಿಲ್ಲ.

ಮೊನ್ನೆ ಚಿಗವ್ವನ ಪತ್ರ ಬಂತು. ಅವಳು ಹೇಳಿದ್ದು, ಕಾಕೂ ಕೈಯಲ್ಲಿ ಬರೆಸಿದ್ದು. ಈ ಸಲ ಚುಕ್ಕೆಗಳನ್ನೂ ಕಾಕೂನೇ ಇಟ್ಟಿದ್ದಾರೆ, ಅರ್ಧ ಸರಿ, ಅರ್ಧ ತಪ್ಪು. ನಾನು ಗಟ್ಟಿಯಾಗಿ ಓದಿದೆ, ಅವ್ವ ಅಪ್ಪ ಕೂತು ಕೇಳಿದರು. ಪತ್ರದ ತುಂಬ ಕೂಸಿನದೇ ಮಾತು. ಅದಕ್ಕೆ ಬದನಿಕಾಯಿ ಸೇರೂದಿಲ್ಲ. ರಾತ್ರಿ ಕೆಮ್ಮಿದರೆ ಎದಿಗೆ ಎಣ್ಣಿ ಹಚ್ಚಬೇಕು. ಗಂಡಸರ ದನಿ ಕೇಳಿ ರೂಢಿ ತಪ್ಪೇದ, ಭಾವ ಜೋರಾಗಿ ಕರೀಬ್ಯಾಡ್ರಿ. ಬಾಗಿಲದ ಹಂತೇಕ ಹೋಗಿ ಸುಮ್ಮನ ನಿಂತ್ರ ಬೈಬ್ಯಾಡ್ರಿ, ಯಾರರೆ ಬಂದು ತಗೀತಾರಂತ ಕಾಯತದ, ತಾನೇ ತಗೀಬಹುದು ಅನ್ನೂದು ಅದಕ್ಕ ನೆನಪಿಲ್ಲ. ಇಲ್ಲೆ ರಾತ್ರಿಯೆಲ್ಲ ದೀಪ ಉರೀತಿರತಾವ, ಕತ್ತಲಾಗ ಮಲಗಿ ಗೊತ್ತಿಲ್ಲ, ಒಮ್ಮೆಲೇ ದೀಪ ಆರಿಸಬ್ಯಾಡ್ರಿ.

ಅಪ್ಪ ಎರಡನೆಯ ಸಲ ಓದಿಸಿದ. ಮರುದಿನ ಗಾಡಿ ಬಿಟ್ಟು ಬರುವಾಗ ಲಾಲ್‌ಬಾಗಿನಿಂದ ಒಂದು ಝೀರೋ ಬಲ್ಬು ತಂದು ಮಾಳಿಗೆಯ ಮೇಲೆ ಇಟ್ಟಿದ್ದಾನೆ. ಹೋಲ್ಡರು ಇನ್ನೂ ಹಾಕಿಲ್ಲ, ವಯರು ಎಳೆಯಬೇಕು. ಮುಂದಿನ ಪತ್ರದಲ್ಲಿ ಬಲ್ಬಿನ ಸುದ್ದಿ ಬರೆಯುತ್ತೇನೆ. ಝೀರೋ ಎಂಬಲ್ಲಿ ಓಕಾರ ದೀರ್ಘವೇ, ಚುಕ್ಕೆ ಬೇಕಾಗಿಲ್ಲ.